ಹೃದಯ: ಅನ್ವಯಿಸುವುದಿಲ್ಲ

ನಿವೃತ್ತಿಯ ದಿನ ನನಗೊಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ‘ಹಳ್ಳಿಯ ಹೆಣ್ಣುಮಕ್ಕಳ ನೋವಿಗೆ ದನಿಯಾದವರು’ ಎಂದು ಭಾಷಣ ಮಾಡಿದರು. ಕುರ್ಚಿಯಲ್ಲಿ ಕುಳಿತು ಕೇಳುತ್ತಿದ್ದ ನನಗೆ ಕಿವಿ ಬಿಸಿಯಾಯಿತು. ಆ ಹೆಣ್ಣುಮಕ್ಕಳಿಗೆ ಅವರದೇ ದನಿ ಇತ್ತು. ಅವರು ಸ್ಪಷ್ಟವಾಗಿಯೇ ಹೇಳಿದ್ದರು. ಕೇಳಿಸಿಕೊಳ್ಳುವುದಕ್ಕೆಂದೇ ಸಂಬಳ ತೆಗೆದುಕೊಳ್ಳುತ್ತಿದ್ದ ನಾನು ಕೇಳಿಸಿಕೊಂಡಿರಲಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಸೇರಿದ ಕೆಲವು ಹುಡುಗಿಯರು ಆಗಾಗ ಮನೆಗೆ ಬಂದು, ಊರೂರು ತಿರುಗಿ ಮಾಡುವ ವೈದ್ಯಕೀಯ ಸಂಶೋಧನೆ ನಿಜವಾಗಿ ಹೇಗಿರುತ್ತದೆ ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು, ಯಾವ ಸಮ್ಮೇಳನದಲ್ಲಿ ಮಾತಾಡಿದೆ ಎಂಬುದೆಲ್ಲ ಇದರಲ್ಲಿಲ್ಲ. ಅವು ಯಾರ ಮೊಣಕಾಲನ್ನೂ ನೆಟ್ಟಗೆ ಮಾಡಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಹಟ್ಟಿಯ ಕಂಪನಿ ಕ್ವಾರ್ಟರ್ಸಿನಲ್ಲಿ. ಅಪ್ಪ ಚಿನ್ನದ ಗಣಿಯಲ್ಲಿ ಶಿಫ್ಟಿನ ಕೆಲಸಗಾರ. ವೈದ್ಯಕೀಯ ಓದಿ ಮುಗಿಸಿ, ದೊಡ್ಡ ಊರಿನ ಒಂದು ಸಂಶೋಧನಾ ಸಂಸ್ಥೆ ಸೇರಿದೆ. ಅಲ್ಲಿ ನಮ್ಮ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಪ್ರೊಫೆಸರ್ ಎಂದೇ ಕರೆಯುತ್ತಿದ್ದೆವು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಮೊಣಕಾಲಿನ ಕೀಲು ಸವೆದವರಲ್ಲಿ ಹೃದ್ರೋಗವೂ ಯಾಕೆ ಜೊತೆಗೇ ಕಾಣಿಸುತ್ತದೆ ಎಂದು ತಿಳಿಯುವ ದೊಡ್ಡ ಅಧ್ಯಯನಕ್ಕೆ ಅವರು ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳನ್ನು ಆರಿಸಿದರು. ‘ನಿಮ್ಮ ಕಡೆಯದೇ ಊರು, ನಿಮಗೆ ಭಾಷೆ ಬರುತ್ತದೆ’ ಎಂದು ನನ್ನನ್ನು ಕಳಿಸಿದರು. ಭಾಷೆ ಬರುತ್ತದೆ ಎಂದು ನಾನೂ ನಂಬಿದ್ದೆ.

ಕೈಯಲ್ಲಿ ಒಂದು ಪ್ರಶ್ನಾವಳಿ ಕೊಟ್ಟಿದ್ದರು. ಬೇರೆ ಯಾವುದೋ ದೇಶದಲ್ಲಿ, ಬೇರೆ ಯಾರದೋ ಮೊಣಕಾಲಿಗೆ ಬರೆದದ್ದು. ಕಾರಿನಿಂದ ಇಳಿಯುವಾಗ ನೋವಾಗುತ್ತದೆಯೇ? ಸ್ನಾನದ ತೊಟ್ಟಿಯಿಂದ ಏಳುವಾಗ? ಕಾಲುಚೀಲ ಹಾಕಿಕೊಳ್ಳುವಾಗ? ಮೊಣಕಾಲುದ್ದ ಕೆಸರಿನಲ್ಲಿ ದಿನವಿಡೀ ಬಗ್ಗಿ ಹಿಂದೆ ಹಿಂದೆ ಹೆಜ್ಜೆ ಇಡುವ ಹೆಂಗಸರಿಗೆ ನಾನು ಈ ಪ್ರಶ್ನೆಗಳನ್ನು ಗಂಭೀರ ಮುಖದಿಂದ ಕೇಳಿದ್ದೇನೆ. ಕೆಸರಿನ ಬಗ್ಗೆ ಒಂದೂ ಪ್ರಶ್ನೆ ಇರಲಿಲ್ಲ. ಅದನ್ನು ಪ್ರೊಫೆಸರಿಗೆ ಹೇಳಿದಾಗ, ‘ಪ್ರಶ್ನೆ ಬದಲಿಸಿದರೆ ನಮ್ಮ ಫಲಿತಾಂಶವನ್ನು ಬೇರೆಯವರದರ ಜೊತೆ ಹೋಲಿಸಲು ಬರುವುದಿಲ್ಲ’ ಎಂದರು. ಹೋಲಿಕೆಗಾಗಿ ನಾವು ಸಿಂಧನೂರು ತಾಲ್ಲೂಕಿನ ತುರ್ವಿಹಾಳದ ಹೆಂಗಸರನ್ನು ಸ್ನಾನದ ತೊಟ್ಟಿಯಲ್ಲಿ ಕೂರಿಸಿದೆವು.

ಕ್ಯಾಂಪುಗಳು ಸರ್ಕಾರಿ ಶಾಲೆಯ ಕೋಣೆಗಳಲ್ಲಿ ನಡೆಯುತ್ತಿದ್ದವು. ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆಯುವವನು ಒಬ್ಬ ಗಂಡಸು. ಕಿಟಕಿಗೆ ಪರದೆಯಿಲ್ಲ, ಹೊರಗೆ ನೋಡುವ ಜನ. ಮೊದಲ ದಿನವೇ ಎಷ್ಟೋ ಹೆಂಗಸರು ಒಳಗೆ ಬಂದು, ನೋಡಿ, ಹಾಗೆಯೇ ಹೊರಟುಹೋದರು. ಅವನು ಒಂದೊಂದು ಹೆಸರಿನ ಮುಂದೆಯೂ ‘ನಿರಾಕರಿಸಿದರು’ ಎಂದು ಬರೆಯುತ್ತ ಹೋದ. ನಮ್ಮ ಸಹಾಯಕ್ಕೆಂದು ಸೇರಿದ್ದ ಸಿಂಧನೂರಿನ ಮಹಬೂಬಿ ಅದನ್ನು ನೋಡಿದಳು. ನರ್ಸಿಂಗ್ ಹೋಮ್ ಒಂದರಲ್ಲಿ ಹದಿನೈದು ವರ್ಷ ಆಯಾ ಆಗಿದ್ದ ಹೆಂಗಸು. ಸುತ್ತಲಿನ ಹಳ್ಳಿಗಳಲ್ಲಿ ಅವಳನ್ನು ಅರಿಯದ ಮನೆಯಿಲ್ಲ.

“ನಿರಾಕರಿಸ್ಯಾರ ಅಂತ ಬರಿಯಾಕತ್ತೀರಲ್ರಿ, ಕುಬಸ ಬಿಚ್ಚು ಅಂತ ಊರ ಮುಂದ ಕುಂದರಿಸಿ ಹೇಳಿದ್ರ ನಿಮ್ಮ ಮನ್ಯಾಗಿನ ಹೆಣ್ಮಕ್ಕಳು ಬಿಚ್ಚತಾರೇನ್ರಿ?”

ಮರುದಿನ ಅವಳು ಮನೆಯಿಂದ ಎರಡು ಸೀರೆ ತಂದು ಕಿಟಕಿಗೂ ಬಾಗಿಲಿಗೂ ಕಟ್ಟಿದಳು. ಅವನ ಕೈಯಿಂದ ತಂತಿ ಇಸಕೊಂಡು, ಯಾವುದು ಎಲ್ಲಿಗೆ ಎಂದು ಅರ್ಧ ದಿನದಲ್ಲಿ ಕಲಿತಳು. ಹೊರಟುಹೋಗಿದ್ದವರು ತಾವಾಗಿಯೇ ಮರಳಿ ಬಂದರು. ನಮ್ಮ ವಾರ್ಷಿಕ ವರದಿಯಲ್ಲಿ ಇದಕ್ಕೆ ‘ಸಮುದಾಯದ ಮನವೊಲಿಕೆ’ ಎಂದು ಹೆಸರು ಕೊಟ್ಟು, ಅದರ ಕೆಳಗೆ ಪ್ರೊಫೆಸರರ ಚಿತ್ರ ಹಾಕಿದ್ದರು. ಮಹಬೂಬಿಯ ಹೆಸರು ಎಲ್ಲಿಯೂ ಇರಲಿಲ್ಲ.

ದುರುಗಮ್ಮ ನಮ್ಮ ಮುಂದೆ ಬಂದದ್ದು ತುರ್ವಿಹಾಳದ ಕ್ಯಾಂಪಿನಲ್ಲಿ. ಐವತ್ತರ ಆಸುಪಾಸಿನ ಎತ್ತರದ ಹೆಂಗಸು. ಭತ್ತದ ಸಸಿ ನಾಟಿ ಮಾಡುವ ಹೆಂಗಸರ ಗುಂಪೊಂದಕ್ಕೆ ಅವಳೇ ಮೇಸ್ತ್ರಿ; ಯಾವ ಗದ್ದೆಗೆ ಯಾವ ದಿನ ಇಳಿಯಬೇಕೆಂದು ಅವಳು ಹೇಳಿದಂತೆ ನಡೆಯುತ್ತಿತ್ತು. ಗದ್ದೆಯಿಂದ ನೇರ ಬಂದಿದ್ದಳು. ಪಾದದ ಮೇಲೆ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಗೋಡೆ ಹಿಡಿದು ನಿಧಾನವಾಗಿ ಬೆಂಚಿನ ಮೇಲೆ ಕುಳಿತಳು.

ಕಾರಿನ ಪ್ರಶ್ನೆ ಕೇಳಿದೆ. “ಕಾರು ಎಲ್ಲೈತ್ರಿ? ನೀವು ಕೊಡ್ತೀರಂದ್ರ ಇಳದ ತೋರಸ್ತೀನಿ” ಎಂದಳು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕು ಮುಂದಿನ ಪ್ರಶ್ನೆಗೆ ಹೋದೆ: ‘ನೋವಿನಿಂದ ನಿದ್ದೆಗೆ ತೊಂದರೆಯಾಗುತ್ತದೆಯೇ?’

“ನಿದ್ದಿ ಎಲ್ಲಿ ಬಂತ್ರಿ ಡಾಕ್ಟರಮ್ಮ. ಮಲಗಾಕ ಆಗಂಗಿಲ್ಲ. ಗ್ವಾಡಿಗೆ ಆತು ಕುಂತ ಬೆಳಕ ಹರಸ್ತೀನಿ.”

‘ತೀವ್ರ’ ಎಂಬ ಚೌಕಕ್ಕೆ ಗುರುತು ಹಾಕಿ ಪುಟ ತಿರುಗಿಸಿದೆ.

ವೈದ್ಯಕೀಯ ಓದುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮೊಣಕಾಲು ನೋಯುವವರು ರಾತ್ರಿ ಹೊರಳಾಡುತ್ತಾರೆ, ಕಾಲು ನೀಡುತ್ತಾರೆ, ಮಡಚುತ್ತಾರೆ. ಮಲಗಿದರೆ ಆಗದು, ಗೋಡೆಗೆ ಒರಗಿ ಕೂತರೇ ಆಗುವುದು ಎಂದು ಯಾರಾದರೂ ಹೇಳಿದರೆ ಅದು ಕಾಲಿನ ಮಾತಲ್ಲ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ನಿಲ್ಲುತ್ತಿದೆ ಎಂದರ್ಥ. ಆಗಷ್ಟೇ ಓದು ಮುಗಿಸಿದ ಹೌಸ್ ಸರ್ಜನ್ ಕೂಡ ಹಿಡಿಯಬೇಕಾದ ಲಕ್ಷಣ. ಯಾಕೆ ಮಲಗಲಾಗುವುದಿಲ್ಲ ಎಂಬ ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾನು ಕೇಳಲಿಲ್ಲ. ಕಾಗದದ ಮೇಲೆ ಆ ಪ್ರಶ್ನೆ ಇರಲಿಲ್ಲ, ಹೊರಗೆ ಸಾಲು ದೊಡ್ಡದಿತ್ತು ಎಂದೆಲ್ಲ ಹೇಳಿಕೊಂಡು ನೋಡಿದ್ದೇನೆ. ಯಾವುದೂ ನಿಲ್ಲುವುದಿಲ್ಲ. ಕೋಣೆಯಲ್ಲಿದ್ದ ಒಬ್ಬಳೇ ವೈದ್ಯೆ ನಾನು.

ಪಾದ ಬಾತುಕೊಂಡಿತ್ತು. ಅದಕ್ಕೂ ‘ಕೀಲಿನ ಊತ’ ಎಂದು ಬರೆದೆ.

ಆಮೇಲೆ ನಡಿಗೆ ಪರೀಕ್ಷೆ. ಶಾಲೆಯ ಅಂಗಳದಲ್ಲಿ ಎರಡು ಕಲ್ಲಿಟ್ಟು, ಅವುಗಳ ನಡುವೆ ಆರು ನಿಮಿಷ ನಡೆಸಿ, ಎಷ್ಟು ದೂರ ಹೋದರು, ಎದೆ ಬಡಿತ ಎಷ್ಟಾಯಿತು ಎಂದು ಅಳೆಯುವುದು. ನಮ್ಮ ಅಧ್ಯಯನದಲ್ಲಿ ಒಂದು ನಿಯಮವಿತ್ತು: ಆರು ನಿಮಿಷ ನಡೆಯಲಾಗದವರನ್ನು ಹೃದಯದ ಭಾಗದಿಂದ ಕೈಬಿಡಬೇಕು, ಅವರಿಗೆ ಇಸಿಜಿಯೂ ಬೇಕಿಲ್ಲ. ದುರುಗಮ್ಮ ಒಂದು ಸುತ್ತು ನಡೆದಳು. ಎರಡನೆಯದರ ನಡುವೆ ನಿಂತು ತೊಡೆಯ ಮೇಲೆ ಕೈಯೂರಿ ಬಗ್ಗಿದಳು.

“ಆಗವಲ್ದ್ರಿ. ದಮ್ಮು ಹತ್ತಾಕತ್ತೈತಿ.”

“ಮೊಣಕಾಲು ನೋವೇನಮ್ಮ?” ಎಂದ ಅಳೆಯುತ್ತಿದ್ದವನು.

“ಅದೂ ಐತ್ರಿ” ಎಂದಳು.

ಪರೀಕ್ಷೆ ನಿಲ್ಲಿಸಿದೆವು. ಭಾಗವಹಿಸಿದ ಪ್ರತಿಯೊಬ್ಬರಿಗೂ ಒಂದು ನೀಲಿ ಕಾರ್ಡು ಕೊಡುತ್ತಿದ್ದೆವು. ಅವಳದರಲ್ಲಿ ನಾನೇ ಬರೆದೆ: ‘ಮೊಣಕಾಲು: ಕೀಲು ಸವೆತ, ಹೆಚ್ಚಿನ ಹಂತ. ಹೃದಯ: ಅನ್ವಯಿಸುವುದಿಲ್ಲ.’ ಕೆಳಗೆ ಸಹಿ, ಸಂಸ್ಥೆಯ ಮೊಹರು. ಅವಳು ಅದನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋದಳು.

ಒಂದು ವರ್ಷದ ಮೇಲೆ ಎರಡನೇ ಸುತ್ತಿಗೆ ಅದೇ ಊರಿಗೆ ಹೋದೆವು. ಮಹಬೂಬಿ ಮೊದಲೇ ಓಣಿಯಲ್ಲಿ ಒಂದು ಸುತ್ತು ಹಾಕಿ ಬಂದವಳು, “ಮೇಡಂ, ದುರುಗಮ್ಮ ಹೋಗ್ಯಾಳ್ರಿ. ನಾಟಿ ಟೈಮಿನ್ಯಾಗ, ಗದ್ದಿ ಬದುವಿನ ಮ್ಯಾಲ ಕುಂತಾಕಿ ಏಳಲಿಲ್ಲಂತ” ಎಂದಳು.

ಮನೆಗೆ ಹೋದೆವು. ಅವಳ ಗಂಡ ಯಂಕಪ್ಪ ಬಾಗಿಲಲ್ಲಿ ಕೂತು ಕುರಿ ಕಟ್ಟುವ ಹಗ್ಗ ಹೊಸೆಯುತ್ತಿದ್ದ. ಕೂರಲು ಕಂಬಳಿ ಹಾಸಿದ. ಒಳಗೆ ಹೋಗಿ ತಗಡಿನ ಪೆಟ್ಟಿಗೆ ತೆರೆದು, ಸೀರೆಯ ಮಡಿಕೆಯಿಂದ ನೀಲಿ ಕಾರ್ಡು ತೆಗೆದು ತಂದ. ಜೊತೆಗೊಂದು ಪ್ಲಾಸ್ಟಿಕ್ ಚೀಲ. ಅದರ ತುಂಬ ಖಾಲಿಯಾದ ನೋವಿನ ಗುಳಿಗೆಯ ಪಟ್ಟಿಗಳು. ದಿನವೂ ನುಂಗಿದರೆ ಆ ಗುಳಿಗೆ ಮೈಯಲ್ಲಿ ಉಪ್ಪು, ನೀರು ನಿಲ್ಲಿಸುತ್ತದೆ, ರಕ್ತದೊತ್ತಡ ಏರಿಸುತ್ತದೆ. ಮೊದಲೇ ಸೋಲುತ್ತಿರುವ ಹೃದಯವನ್ನು ಇನ್ನಷ್ಟು ಬೇಗ ಸೋಲಿಸುತ್ತದೆ.

“ಇವು ಯಾರು ಕೊಟ್ಟರು?” ಎಂದೆ.

“ಬಸ್‌ಸ್ಟ್ಯಾಂಡ್ ಹತ್ರ ಸೂಜಿ ಮಾಡ್ತಾನಲ್ರಿ, ಅವನ ಕೊಡ್ತಿದ್ದ. ವಾರಕ್ಕೊಂದು ಸೂಜಿ, ದಿನಾ ಗುಳಿಗಿ.”

ಅವನನ್ನು ಹುಡುಕಿಕೊಂಡು ಹೊರಟೆ. ಹತ್ತು ಅಡಿ ಅಗಲದ ಕೋಣೆ, ಒಂದು ಮಂಚ, ಒಂದು ಸ್ಟೂಲು. ವೈದ್ಯಕೀಯ ಓದಿರದ, ಎಲ್ಲಿಯೋ ಕಾಂಪೌಂಡರ್ ಆಗಿ ಸೂಜಿ ಹಾಕುವುದು ಕಲಿತು ಬಂದವನು. ಎಲ್ಲರೆದುರು ಅವನ ಮೇಲೆ ಕೂಗಾಡಿದೆ. ನಿನ್ನಿಂದ ಒಂದು ಜೀವ ಹೋಯಿತು, ಪೊಲೀಸರಿಗೆ ಹೇಳುತ್ತೇನೆ ಎಂದೆ. ಅವನು ಎದ್ದು ನಿಂತು ಪೂರ್ತಿ ಕೇಳಿದ. ಆಮೇಲೆ ಹೇಳಿದ:

“ತಪ್ಪ ಐತ್ರಿ ನಂದು, ಇಲ್ಲ ಅನ್ನಂಗಿಲ್ಲ. ಖರೆ ಒಂದ ಮಾತು. ಅಕಿಗೆ ದಮ್ಮು ಹತ್ತೋದು ನಾ ನೋಡಿದ್ದೆ. ದುರುಗವ್ವ, ಇದು ಮೊಣಕಾಲಿಂದಲ್ಲ, ರಾಯಚೂರಿಗೆ ಹೋಗಿ ಎದಿ ತೋರಸ್ಕೊಂಡ ಬಾ ಅಂದೆ. ಅಕಿ ನಿಮ್ಮ ನೀಲಿ ಕಾಗದ ತಗದು ಮುಂದಿಟ್ಲು. ಓದು ಅಂದ್ಲು. ಹೃದಯ ಅನ್ವಯಿಸೂದಿಲ್ಲ ಅಂತ ಓದಿದೆ. ನೋಡಿದೇನು, ದೊಡ್ಡ ಡಾಕ್ಟರಮ್ಮ ನೋಡ್ಯಾಳ, ಎದ್ಯಾಗ ಏನೂ ಇಲ್ಲ ಅಂತ ಸಿಕ್ಕಾ ಹೊಡದು ಕೊಟ್ಟಾಳ, ನೀ ಸೂಜಿ ಮಾಡು ಅಂದ್ಲು. ನಿಮ್ಮ ಸಿಕ್ಕಾದ ಮುಂದ ನನ್ನ ಮಾತು ಯಾರು ಕೇಳ್ತಾರ್ರಿ?”

ಬೀದಿಗೆ ಬಂದು ನಿಂತೆ. ಒಂದು ಟಂಟಂ ಆಟೋ ಹಾರ್ನ್ ಹೊಡೆಯುತ್ತಲೇ ಇತ್ತು. ನಾನು ದಾರಿಯ ನಡುವೆ ನಿಂತಿದ್ದೇನೆ ಎಂದು ತಿಳಿಯಲು ಹೊತ್ತು ಹಿಡಿಯಿತು. ಮಹಬೂಬಿ ರಟ್ಟೆ ಹಿಡಿದು ಪಕ್ಕಕ್ಕೆಳೆದಳು.

ಎದೆ ನೋಡದೆ, ಇಸಿಜಿ ತೆಗೆಯದೆ, ‘ಪರೀಕ್ಷೆ ಮಾಡಿಲ್ಲ’ ಎಂದು ಬರೆಯುವ ಪ್ರಾಮಾಣಿಕತೆಯೂ ಇಲ್ಲದೆ, ಒಂದು ಕಚೇರಿಯ ಪದ ಬರೆದು ಮೊಹರು ಒತ್ತಿದವಳು ನಾನು. ಆ ಪದ ಓದುವವರಿಗೆ ಏನೆಂದು ಅರ್ಥವಾದೀತು ಎಂದು ನಮ್ಮಲ್ಲಿ ಒಬ್ಬರೂ ಯೋಚಿಸಿರಲಿಲ್ಲ. ಅನ್ವಯಿಸುವುದಿಲ್ಲವಂತೆ! ಮೂವತ್ತು ವರ್ಷ ಕೆಸರಿನಲ್ಲಿ ದುಡಿದ ಹೆಂಗಸಿಗೆ ಹೃದಯ ಅನ್ವಯಿಸುವುದಿಲ್ಲವಂತೆ!

ತಿರುಗಿ ಯಂಕಪ್ಪನ ಮನೆಗೆ ಹೋದೆ. ಮಹಬೂಬಿ, “ಈಗ ಬ್ಯಾಡ್ರಿ ಮೇಡಂ, ನಾಳೆ ಬರೂಣಂತ” ಎಂದಳು. ಈಗ ಹೋಗದಿದ್ದರೆ ಮುಂದೆಂದೂ ಹೋಗಲಾರೆ ಎಂದು ನನಗೆ ಗೊತ್ತಿತ್ತು. ಅವನ ಮುಂದೆ ಕೂತು ಇದ್ದದ್ದನ್ನು ಇದ್ದಹಾಗೆ ಹೇಳಿದೆ.

“ಕಾಕಾ, ದುರುಗಮ್ಮನ ಎದಿ ನಾ ನೋಡಲೇ ಇಲ್ಲ. ನೋಡದ ಬರದುಕೊಟ್ಟೆ. ಅಕಿ ಎಲ್ಲಾ ಹೇಳಿದ್ಲು, ನನಗ ತಿಳೀಲಿಲ್ಲ. ಅವತ್ತ ನೋಡಿದ್ರ ಔಷಧ ಇತ್ತು. ಇನ್ನೂ ಕೆಲವು ವರ್ಷ ಇರತಿದ್ಲೋ ಏನೋ.”

ಹಗ್ಗ ಹೊಸೆಯುವ ಕೈ ನಿಂತಿತು. ನನ್ನ ಮುಖ ನೋಡಲಿಲ್ಲ. ಹಗ್ಗ ಪಕ್ಕಕ್ಕಿಟ್ಟು ಹೇಳಿದ:

“ಡಾಕ್ಟರಮ್ಮಾರ, ನಮ್ಮ ಮನಿಗಂತೂ ಬಂದ್ರಿ, ಹೇಳಿದ್ರಿ. ಇನ್ನೊಬ್ಬರ ಮನ್ಯಾಗ ಹಿಂಗ ಕುಂತು ಹೇಳೂ ಹಂಗ ಮಾಡ್ಕೋಬ್ಯಾಡ್ರಿ.”

ಇದನ್ನು ಕ್ಷಮೆ ಎಂದು ಯಾರೂ ಓದಬೇಡಿ. ಅವನು ಕ್ಷಮಿಸಲಿಲ್ಲ, ನಾನು ಕೇಳಲೂ ಇಲ್ಲ. ಅವನು ನನಗೊಂದು ಕೆಲಸ ಹಚ್ಚಿದ.

ಸಂಸ್ಥೆಗೆ ಮರಳಿ ಪ್ರೊಫೆಸರ್ ಮುಂದೆ ನಿಂತೆ. ಅವರ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಸ್ಟೆತಸ್ಕೋಪ್ ಇಟ್ಟು ಹೃದಯ ಕೇಳುವುದನ್ನು ನನಗೆ ಕಲಿಸಿದವರೇ ಅವರು. ವಾರ್ಡಿನಲ್ಲಿ ಒಬ್ಬೊಬ್ಬ ರೋಗಿಯ ಎದೆಯ ಮೇಲೂ ಕಣ್ಣುಮುಚ್ಚಿ ನಿಂತು ಕೇಳುತ್ತಿದ್ದರು. ಅಷ್ಟು ಹೊತ್ತು ನಮಗೆ ಉಸಿರಾಡಲೂ ಭಯ. ಅಂಥವರು ಕೆಟ್ಟವರಾಗಿದ್ದರೆ ನನ್ನ ಸಿಟ್ಟಿಗೆ ಎಷ್ಟು ಸುಲಭವಾಗುತ್ತಿತ್ತು! ವಾರ್ಡು ಬಿಟ್ಟು ಕೋಷ್ಟಕಗಳ ಮುಂದೆ ಕೂತ ಮೇಲೆ ಅವರಿಗೆ ಮನುಷ್ಯರು ಕಾಣುವುದು ನಿಂತಿತ್ತು.

ಎಲ್ಲವನ್ನೂ ಕೇಳಿ, “ದುಃಖದ ವಿಷಯ. ಆದರೆ ಆಕೆ ಹೃದಯದ ಭಾಗದಲ್ಲಿ ಇರಲಿಲ್ಲವಲ್ಲ” ಎಂದರು.

“ಹೃದಯದಿಂದಲೇ ಸತ್ತಳು, ಸರ್.”

“ಅದನ್ನು ನೀವು ಸಾಬೀತು ಮಾಡಲಾರಿರಿ. ಮೊಣಕಾಲಿನ ಭಾಗದಲ್ಲಿ ‘ಸಂಪರ್ಕ ಕಡಿದುಕೊಂಡವರು’ ಅಂತ ಹಾಕಿ. ಅಲ್ಲಿಗೆ ಸರಿಹೋಗುತ್ತದೆ.”

ಸಂಪರ್ಕ ಕಡಿದುಕೊಂಡದ್ದು ಯಾರು? ಆಕೆ ಅದೇ ಊರಲ್ಲಿ, ಅದೇ ಓಣಿಯಲ್ಲಿ, ಅದೇ ಗದ್ದೆಯಲ್ಲಿ ಇದ್ದಳು. ವರ್ಷವಿಡೀ ಆ ಕಡೆ ತಲೆಹಾಕದವರು ನಾವು. ಇದನ್ನೇ ಅವರಿಗೆ ಹೇಳಿದೆ. ದನಿ ಏರಿತ್ತೆಂದು ಕಾಣುತ್ತದೆ. ಹೊರಗಿದ್ದ ಗುಮಾಸ್ತ ಬಾಗಿಲಲ್ಲಿ ಇಣುಕಿದ. ನಡಿಗೆ ಪರೀಕ್ಷೆಯಲ್ಲಿ ಕೈಬಿಟ್ಟವರನ್ನೆಲ್ಲ ಹುಡುಕಿ ಎದೆ ನೋಡಬೇಕು, ಜೀಪು ಕೊಡಿ ಎಂದೆ. ‘ಯೋಜನೆಯಲ್ಲಿ ಅದಕ್ಕೆ ಅವಕಾಶವಿಲ್ಲ’ ಎಂದು ಅವರು ಕನ್ನಡಕ ಹಾಕಿಕೊಂಡು ಮುಂದಿನ ಕಾಗದ ಕೈಗೆತ್ತಿಕೊಂಡರು.

ನನ್ನ ಹೆಸರಿನಲ್ಲಿ ಉಳಿದಿದ್ದ ರಜೆಯನ್ನೆಲ್ಲ ಹಾಕಿದೆ. ಕೈಬಿಟ್ಟವರ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಸಿಂಧನೂರಿಗೆ ಬಂದೆ. ಪರಿಚಯದ ವೈದ್ಯರೊಬ್ಬರು ತಮ್ಮ ಹಳೆಯ ಇಸಿಜಿ ಯಂತ್ರ ಕೊಟ್ಟರು. ಮಹಬೂಬಿಗೆ, ನಿನ್ನನ್ನು ಕರೆಯುವ ಹಕ್ಕು ನನಗಿಲ್ಲ, ಇದು ಕಚೇರಿಯ ಕೆಲಸವಲ್ಲ ಎಂದೆ. “ಸೀರಿ ಎಷ್ಟು ತರ್ಲಿ?” ಎಂದು ಕೇಳಿದಳು.

ಬಸ್ಸು, ಟಂಟಂ, ಕೆಲವು ಕಡೆ ಯಾರದೋ ಟ್ರ್ಯಾಕ್ಟರ್. ಸಿಂಧನೂರಿನ ಹಳ್ಳಿಗಳಾದ ಮೇಲೆ ಮಸ್ಕಿ, ಆಮೇಲೆ ಲಿಂಗಸುಗೂರು. ಪ್ರಶ್ನಾವಳಿಯನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ‘ಹೇಳ್ರಿ’ ಎಂದು ಕೂರುತ್ತಿದ್ದೆ. ಅವರು ಹೇಳುತ್ತಿದ್ದರು. ಎಷ್ಟು ಹೇಳುತ್ತಿದ್ದರು! ಯಾವ ತಿಂಗಳು ಕಾಲು ಬಾತಿತು, ಎಷ್ಟು ಬಿಂದಿಗೆ ನೀರು ತಂದರೆ ಉಸಿರು ಸಿಕ್ಕಿಕೊಳ್ಳುತ್ತದೆ, ಬದುವಿನ ಮೇಲೆ ಎಷ್ಟು ಕಡೆ ಕೂತು ಏಳಬೇಕು. ಯಾವ ಕೋಷ್ಟಕವೂ ಅಷ್ಟು ಕರಾರುವಾಕ್ಕಾಗಿ ಅಳೆಯಲಾರದು.

ಸಾಲಗುಂದದಲ್ಲಿ ಒಬ್ಬ ಹೆಂಗಸು ದುರುಗಮ್ಮನ ಹಾಗೆಯೇ ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದಳು. ಹೃದಯದ ಕವಾಟವೊಂದು ಸೋರುತ್ತಿರುವ ಸದ್ದು ಕಿವಿಗೆ ಬಡಿಯುವಷ್ಟು ಸ್ಪಷ್ಟವಾಗಿತ್ತು. ಅವಳ ಕೈಯಲ್ಲೂ ಅದೇ ನೀಲಿ ಕಾರ್ಡು, ಅದರ ಮೇಲೆ ನನ್ನದೇ ಅಕ್ಷರ. ಆ ಮಧ್ಯಾಹ್ನವೇ ರಾಯಚೂರಿಗೆ ಕರೆದುಕೊಂಡು ಹೋಗಿ ಸೇರಿಸಿದೆವು. ಔಷಧ ಹಿಡಿಯಿತು. ಮೂರು ವಾರದ ಮೇಲೆ ಹೋದಾಗ, “ಚಾಪಿ ಮ್ಯಾಲ ನೆಟ್ಟಗ ಮಲಗೀನ್ರಿ ಯಕ್ಕ” ಎಂದು ಮಲಗಿ ತೋರಿಸಿದಳು. ಮಹಬೂಬಿ ಅತ್ತಳು. ನನಗೆ ಅಳು ಬರಲಿಲ್ಲ. ಇಷ್ಟು ಸುಲಭವಿತ್ತೇ ಎಂದುಕೊಂಡೆ.

ಹಟ್ಟಿಯಲ್ಲಿ ನಮ್ಮ ಪಟ್ಟಿಯಲ್ಲಿದ್ದವನು ನಿವೃತ್ತ ಗಣಿ ಕೆಲಸಗಾರ. ಅಪ್ಪನ ಜೊತೆ ಒಂದೇ ಶಿಫ್ಟಿನಲ್ಲಿ ಇಳಿದವನಂತೆ. ಎರಡೂ ಮೊಣಕಾಲು ಹೋಗಿ ವರ್ಷಗಳಾಗಿದ್ದವು. ಅವನ ಇಸಿಜಿ ಪಟ್ಟಿಯಲ್ಲಿ ಹಿಂದೆಂದೋ ಆಗಿಹೋದ ಹೃದಯಾಘಾತದ ಗುರುತು ಚೆನ್ನಾಗಿ ಕಾಣುತ್ತಿತ್ತು.

“ಎದಿ ನೋವು ಬಂದಿತ್ತೇನ್ರಿ ಎಂದಾದ್ರೂ?”

“ಎದಿ ಯಾಕ ನೋಯತೈತವ್ವ? ಮಂಚದಿಂದ ಬಚ್ಚಲಕ, ಬಚ್ಚಲದಿಂದ ಮಂಚಕ. ಇಷ್ಟಾ ನನ್ನ ನಡಗಿ. ಎದಿಗೆ ಕೆಲಸಾನ ಕೊಟ್ಟಿಲ್ಲ ನಾ.”

ನಮ್ಮ ಇಡೀ ಅಧ್ಯಯನಕ್ಕೆ ಬೇಕಿದ್ದ ಉತ್ತರದ ಅರ್ಧ ಭಾಗ ಆ ಮಾತಿನಲ್ಲಿತ್ತು. ನಡೆಯಲಾಗದವರಿಗೆ ಎದೆನೋವು ತಿಳಿಯುವುದಿಲ್ಲ, ತಿಳಿಯದ್ದರಿಂದ ಹೇಳುವುದಿಲ್ಲ, ನೋವು ತಡೆಯಲು ನುಂಗಿದ ಗುಳಿಗೆ ಒಳಗೊಳಗೇ ಹೃದಯ ತಿನ್ನುತ್ತದೆ. ಅಂಥವರನ್ನು ನಾವು ನಡೆಯಲಾಗುವುದಿಲ್ಲ ಎಂಬ ಕಾರಣಕ್ಕೇ ಹೊರಗಿಟ್ಟು, ಗಟ್ಟಿಮುಟ್ಟಾಗಿ ನಡೆಯುವವರ ಎದೆ ನೋಡಿ, ಈ ಭಾಗದಲ್ಲಿ ಹೃದ್ರೋಗ ಅಷ್ಟೇನೂ ಇಲ್ಲ ಎಂದು ಬರೆಯಲು ಹೊರಟಿದ್ದೆವು.

ರಜೆ ಮುಗಿದ ಮೇಲೆ ಆ ಕಾಗದಗಳನ್ನೆಲ್ಲ ಸಂಸ್ಥೆಯ ನೈತಿಕ ಸಮಿತಿಯ ಮುಂದಿಟ್ಟೆ. ಸಂಶೋಧನೆಯಿಂದ ಜನರಿಗೆ ಕೇಡಾಗದಂತೆ ನೋಡಿಕೊಳ್ಳುವ ಸಮಿತಿ ಅದು. ಪ್ರೊಫೆಸರೂ ಬಂದಿದ್ದರು. ಅನುಮತಿಯಿಲ್ಲದೆ ಮಾಡಿದ ಪರೀಕ್ಷೆ, ನಿಯಮ ಮೀರಿದ ನಡವಳಿಕೆ, ಭಾವಾವೇಶ ಎಂದು ನನ್ನ ಮೇಲೆ ಸಾಲಾಗಿ ಆರೋಪ ಓದಿದರು. ಅನುಮತಿಯ ಮಾತು ನಿಜವೇ ಆಗಿತ್ತು, ಒಪ್ಪಿಕೊಂಡೆ. ಬಹುಪಾಲು ಸದಸ್ಯರು ತಲೆಯಾಡಿಸುತ್ತಿದ್ದರು. ವೈದ್ಯರಲ್ಲದ ಸದಸ್ಯೆ ಒಬ್ಬರಿದ್ದರು, ನಿವೃತ್ತ ಮುಖ್ಯೋಪಾಧ್ಯಾಯಿನಿ. ಅಲ್ಲಿಯವರೆಗೂ ಮಾತಾಡದವರು ಕೈಯೆತ್ತಿದರು.

“ನನಗೆ ನಿಮ್ಮ ವಿಜ್ಞಾನ ತಿಳಿಯದು. ಒಂದು ಸಂಶಯ. ಮೊಣಕಾಲು ಸೋತರೂ ನಡೆಯಲಾಗದು, ಹೃದಯ ಸೋತರೂ ನಡೆಯಲಾಗದು. ನಡೆಯಲಾಗದವರನ್ನೆಲ್ಲ ಬಿಟ್ಟ ಮೇಲೆ ನೀವು ನೋಡಿದ್ದು ಯಾರನ್ನು?”

ಪ್ರೊಫೆಸರ್ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು.

ನಿಯಮ ಬದಲಾಯಿತು. ನಡೆಯಲಾಗದವರ ಎದೆಯನ್ನು ಕೂತಲ್ಲಿಯೇ ನೋಡಬೇಕು ಎಂದಾಯಿತು. ಕಾರ್ಡಿನ ಮೇಲೆ ಪರೀಕ್ಷೆ ಮಾಡದಿದ್ದರೆ ‘ಪರೀಕ್ಷೆ ಮಾಡಿಲ್ಲ, ಆಸ್ಪತ್ರೆಗೆ ತೋರಿಸಿ’ ಎಂದೇ ಬರೆಯಬೇಕು ಎಂದಾಯಿತು. ಪ್ರಬಂಧ ಪ್ರಕಟವಾದಾಗ ಹುಡುಕಿ ನೋಡಿದೆ: ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ‘ಆರಂಭಿಕ ಆಯ್ಕೆಯಲ್ಲಿ ಕೆಲವು ಮಿತಿಗಳಿದ್ದವು’ ಎಂಬ ಒಂದು ಸಾಲು. ದುರುಗಮ್ಮ ಒಂದು ಮಿತಿಯಾದಳು. ನನ್ನನ್ನು ಮೂರು ವರ್ಷ ಕಡತಗಳ ಕೋಣೆಯಲ್ಲಿ ಕೂರಿಸಿದರು, ಆಮೇಲೂ ಬಹುಕಾಲ ಕಚೇರಿಯೊಳಗಿನ ಕೆಲಸವನ್ನೇ ಕೊಟ್ಟರು. ಪ್ರೊಫೆಸರ್ ನಿವೃತ್ತರಾಗಿ ಹೋಗುವಾಗ ಕಾರಿಡಾರಿನಲ್ಲಿ ಸಿಕ್ಕರು. ‘ಆರೋಗ್ಯ ನೋಡಿಕೊಳ್ಳಿ’ ಎಂದಷ್ಟೇ ಹೇಳಿ ಹೋದರು.

ಈಗ ಕಾಗದ ಹೋಗಿ ಟ್ಯಾಬ್ ಬಂದಿದೆ. ಮೊನ್ನೆ ಒಬ್ಬ ಹುಡುಗಿ ತೋರಿಸಿದಳು. ಉತ್ತರ ಒತ್ತದಿದ್ದರೆ ಮುಂದಿನ ಪ್ರಶ್ನೆಗೆ ಅದು ಬಿಡುವುದಿಲ್ಲ. ಒತ್ತಲು ನಾಲ್ಕು ಉತ್ತರ, ಐದನೆಯದನ್ನು ಹೇಳುವವರಿಗೆ ಜಾಗವಿಲ್ಲ. ‘ಬಹಳ ಬೇಗ ಆಗುತ್ತದೆ ಮೇಡಂ’ ಎಂದಳು. ಬೇಗ ಆಗುವುದು ಗೊತ್ತಮ್ಮ. ನನಗೂ ಬೇಗ ಆಗಿತ್ತು. ಟ್ಯಾಬ್ ಕೆಳಗಿಟ್ಟು ಎದುರಿಗಿರುವವರ ಮುಖ ನೋಡಿ ‘ಯಾಕೆ’ ಎಂದು ಕೇಳುವುದಕ್ಕೆ ಯಾವ ಗುಂಡಿಯನ್ನೂ ಒತ್ತಬೇಕಾಗಿಲ್ಲ.

ಸೇವೆಯ ಕೊನೆಯ ವರ್ಷ ನನ್ನನ್ನು ಮತ್ತೆ ಹೊರಗೆ ಬಿಟ್ಟರು. ಅಧ್ಯಯನದಲ್ಲಿ ಕಂಡದ್ದನ್ನು ಆಯಾ ಊರಿಗೆ ಹೋಗಿ ಜನರಿಗೇ ಹೇಳಬೇಕೆಂದು ನಾನು ಹಟ ಹಿಡಿದಿದ್ದೆ. ಜನರ ರಕ್ತ, ಸಮಯ, ಮಾತು ಎಲ್ಲ ತೆಗೆದುಕೊಂಡು ಹೋಗಿ, ಅವರಿಗೆ ಬಾರದ ಭಾಷೆಯಲ್ಲಿ ಅಚ್ಚು ಹಾಕಿ ಸುಮ್ಮನಾಗುವುದು ನಮ್ಮ ವೃತ್ತಿಯ ಹಳೆಯ ಚಟ. ಅದೊಂದನ್ನಾದರೂ ಮುರಿಯಬೇಕಿತ್ತು.

ಮಸ್ಕಿ ಹತ್ತಿರದ, ಕಾಲುವೆಯ ಕೊನೆಯ ಭಾಗದ ಒಂದು ಕ್ಯಾಂಪಿಗೆ, ಅಂದರೆ ಹೊರಗಿಂದ ಬಂದ ರೈತರು ನೆಲೆಸಿದ ಊರಿಗೆ, ನಾನೂ ಮಹಬೂಬಿಯೂ ಹೋದೆವು. ನಾಟಿಯ ದಿನಗಳು. ಮಧ್ಯಾಹ್ನದ ಬುತ್ತಿಗೆಂದು ಹೆಂಗಸರು ಬೇವಿನ ಮರದ ಕೆಳಗೆ ಕೂತಿದ್ದಾಗಲೇ ಹೋಗಿ ಹೇಳಿದೆ. ಮೊಣಕಾಲು ನೋವೆಂದು ದಿನವೂ ಗುಳಿಗೆ ನುಂಗಬೇಡಿ. ಉಸಿರು ಹತ್ತಿದರೆ, ಪಾದ ಬಾತರೆ, ಮಲಗಲಾಗದಿದ್ದರೆ ಕಾಲಿನದೆಂದು ಬಿಡಬೇಡಿ. ಮಾತು ಮುಗಿಯುವ ಮೊದಲೇ ಹೊನ್ನಮ್ಮ ಎಂಬ ಗಟ್ಟಿ ದನಿಯ ಮೇಸ್ತ್ರಿ ನಡುವೆ ಬಾಯಿ ಹಾಕಿದಳು.

“ಗುಳಿಗಿ ಬ್ಯಾಡ ಅಂದ್ರ ಗದ್ದಿಗೆ ಹೆಂಗ ಇಳಿಯೋದ್ರಿ? ಅದನ್ನೂ ಹೇಳಿ ಹೋಗ್ರಿ.”

ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿರಲಿಲ್ಲ. ಇಲ್ಲ ಎಂದು ಒಪ್ಪಿಕೊಂಡೆ. ಕಾಲಿಗೆ ಬಲ ಬರುವ ವ್ಯಾಯಾಮ ತೋರಿಸುತ್ತೇನೆ, ಕಡಿಮೆ ಕೇಡಿನ ಔಷಧ ಬರೆದುಕೊಡುತ್ತೇನೆ, ಇಷ್ಟು ಮಾತ್ರ ನನ್ನ ಕೈಲಿದೆ. ಕೆಸರು ಕಡಿಮೆ ಮಾಡುವುದು ನನ್ನ ಕೈಲಿಲ್ಲ ಎಂದೆ. ಅವಳು ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಆಮೇಲೆ ಹಿಂದಕ್ಕೆ ತಿರುಗಿ, “ನಾಗಮ್ಮ, ಬಾರಲೇ ಇಲ್ಲಿ” ಎಂದು ಕೂಗಿದಳು.

ಬುತ್ತಿ ಬಿಚ್ಚದೆ ಮರಕ್ಕೆ ಒರಗಿ ಕೂತಿದ್ದ ಹೆಂಗಸು ಎದ್ದು ಬಂದಳು. ನಲವತ್ತು ದಾಟಿರಲಿಲ್ಲ. ಎಂಟು ಹೆಜ್ಜೆ ಬರುವಷ್ಟರಲ್ಲಿ ಬಾಯಿ ತೆರೆದು ಉಸಿರಾಡುತ್ತಿದ್ದಳು. ಮಹಬೂಬಿ ಅಡ್ಡಲಾಗಿ ಸೀರೆ ಹಿಡಿದಳು. ಸ್ಟೆತಸ್ಕೋಪ್ ಇಟ್ಟು, ಕಣ್ಣು ಮುಚ್ಚಿ, ಅವಸರವಿಲ್ಲದೆ ಕೇಳಿದೆ. ಬೆನ್ನಿನ ಎರಡೂ ಬದಿಯ ಕೆಳಭಾಗದಲ್ಲಿ, ಶ್ವಾಸಕೋಶದಲ್ಲಿ ನಿಂತ ನೀರಿನ ಸದ್ದು.

“ಈಗಲೇ ರಾಯಚೂರಿಗೆ ಹೋಗಬೇಕು” ಎಂದೆ.

ನಾಗಮ್ಮ ಗಾಬರಿಯಾದಳು. “ಈಗ ಹೆಂಗ್ರಿ? ಅರ್ಧ ಗದ್ದಿ ಉಳದೈತಿ. ಇವರೆಲ್ಲ ಸಸಿ ಹಚ್ಚೋವಾಗ ನಾ ಹೆಂಗ ಬಿಟ್ಟ ಹೋಗ್ಲಿ? ನಾಟಿ ಮುಗಿಸಿ ಬರ್ತೀನಿ, ಎಂಟ ದಿನ.”

ಹೊನ್ನಮ್ಮ ಅವಳ ಕೈಯಲ್ಲಿದ್ದ ಬುತ್ತಿಯ ಗಂಟನ್ನು ಇಸಕೊಂಡು ಮಹಬೂಬಿಯ ಕೈಗೆ ಕೊಟ್ಟಳು.

“ಅಕಿ ಪಾಲಿನ ಸಾಲು ನಾವು ಹಚ್ಚತೀವ್ರಿ. ನೀವು ಅಕೀನ ಕರಕೊಂಡು ನಡೀರಿ.”

ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ಗದ್ದೆಗೆ ಇಳಿದರು. ನಾವು ನಾಗಮ್ಮನನ್ನು ಹಿಡಿದುಕೊಂಡು ರಸ್ತೆಯ ಕಡೆಗೆ ನಡೆದೆವು.